ಕುದುರೆ ಜೂಲಿನ ಜಡೆಯೂ ಕಳ್ಳರ ಭಯವೂ

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಕುದುರೆ ಲಾಯ ಸಿಗುತ್ತದೆ. ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದೇನು ದೊಡ್ಡ ವಿಷಯವಲ್ಲ, ನಮ್ಮ ಕಡೆ ಊರಾಚೆ ಕೋಳಿ ಫಾರಂ ಇದ್ದ ಹಾಗೆ. ಮಗಳು ಪ್ರತಿ ಶನಿವಾರ ಅಲ್ಲಿಗೆ ಸವಾರಿ ಕಲಿಯಲು ಹೋಗುತ್ತಾಳೆ, ನಾನು ಬೇಲಿ ಪಕ್ಕ ನಿಂತು ಚಹಾ ಕುಡಿಯುತ್ತೇನೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹೋದರೆ ಯಾರೂ ಸವಾರಿ ಮಾಡುತ್ತಿರಲಿಲ್ಲ. ಏಳೆಂಟು ಜನ ಒಂದು ಕಂದು ಬಣ್ಣದ ಹೆಣ್ಣು ಕುದುರೆಯ ಸುತ್ತ ನಿಂತು ಅದರ ಕುತ್ತಿಗೆಯನ್ನೇ ನೋಡುತ್ತಿದ್ದರು. ಜೂಲಿನಲ್ಲಿ ಒಂದು ಜಡೆ. ಕಿರುಬೆರಳಿನ ದಪ್ಪ, ಗೇಣುದ್ದ. ಹಿಂದಿನ ಸಂಜೆ ಇರಲಿಲ್ಲವಂತೆ, ಬೆಳಿಗ್ಗೆ ನೋಡಿದರೆ ಇದೆ.

ಕಳ್ಳರು ಗುರುತು ಹಾಕಿ ಹೋಗಿದ್ದಾರೆ ಅಂತ ಒಬ್ಬರೆಂದರು. ಉಳಿದವರು ತಲೆ ಆಡಿಸಿದರು. ಕುದುರೆಯ ಒಡತಿಗೆ ಎಪ್ಪತ್ತು ದಾಟಿದೆ, ಆಕೆಯ ಮುಖ ಬಿಳಿಚಿಕೊಂಡಿತ್ತು. ಅವತ್ತಿನಿಂದ ಮೂರು ರಾತ್ರಿ ಆಕೆ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು, ಫ್ಲಾಸ್ಕಿನಲ್ಲಿ ಟೀ, ಕೈಯಲ್ಲಿ ಟಾರ್ಚು ಇಟ್ಟುಕೊಂಡು ಕಾವಲು ಕೂತರು. ಯಾರೂ ಬರಲಿಲ್ಲ.

ನನಗೆ ನೆನಪಾಗಿದ್ದು 'ನಾಳೆ ಬಾ'. 90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲು ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದ ಆ ಎರಡು ಪದ. ಆಮೇಲೆ ಇನ್ನೊಂದು ಬಂತು, ಅದು ಈಗಲೂ ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ: ಕಳ್ಳರು ಹಗಲು ಬಂದು ಗೋಡೆ ಮೇಲೆ ಗೀಟು, ವೃತ್ತ, ಬಾಣ ಬರೆದು ಹೋಗುತ್ತಾರೆ, ರಾತ್ರಿ ಇನ್ನೊಂದು ತಂಡ ಬರುತ್ತದೆ, ಹುಷಾರು. ಕುದುರೆ ಜಡೆಯ ಕಥೆ ಇದರ ತಮ್ಮನೇ. ಇಲ್ಲಿ ಹೇಳುವುದು ಹೀಗೆ: ಹಗಲು ಒಬ್ಬ ಬಂದು ಒಳ್ಳೆ ಕುದುರೆ ಆರಿಸಿ ಜೂಲಿಗೆ ಜಡೆ ಹಾಕಿ ಹೋಗುತ್ತಾನೆ, ರಾತ್ರಿ ಟ್ರೇಲರ್ ತರುವವರು ಕತ್ತಲಲ್ಲಿ ಕೈಯಾಡಿಸಿ ಜಡೆ ಇರುವ ಕುದುರೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಈ ಭಯ ಸುಮಾರು 2009ರ ಹೊತ್ತಿಗೆ ಬ್ರಿಟನ್ನಿನಲ್ಲಿ ಜೋರಾಗಿ ಹಬ್ಬಿತು, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಜ್ವರದ ಹಾಗೆ ಮರುಕಳಿಸುತ್ತಲೇ ಇದೆ.

ಸ್ವಲ್ಪ ಕೂತು ಯೋಚಿಸಿದರೆ ಕಥೆ ನಿಲ್ಲುವುದಿಲ್ಲ. ಜೇಬಿನಲ್ಲಿ ಫೋನ್ ಇರುವ ಕಳ್ಳ ಫೋಟೊ ತೆಗೆದು ಜಾಗದ ಲೊಕೇಶನ್ ಕಳಿಸುತ್ತಾನೆ, ಹೊಲಕ್ಕೆ ಇಳಿದು ಜಡೆ ಹೆಣೆಯುತ್ತಾ ಯಾಕೆ ಕೂರುತ್ತಾನೆ? ಎರಡು ಸಲ ಹೊಲಕ್ಕಿಳಿದರೆ ಸಿಕ್ಕಿಬೀಳುವ ಅಪಾಯವೂ ಎರಡು ಪಟ್ಟು. ಇಷ್ಟಕ್ಕೂ ಅಪರಿಚಿತ ಬಂದು ಜಡೆ ಹಾಕುವವರೆಗೆ ಸುಮ್ಮನೆ ನಿಲ್ಲುವಷ್ಟು ಸಾಧು ಕುದುರೆ ಆಗಿದ್ದರೆ ಅವನು ಆಗಲೇ ಅದನ್ನು ಹೊಡೆದುಕೊಂಡು ಹೋಗಬಹುದಿತ್ತಲ್ಲ.

ಹಾಗಾದರೆ ಜಡೆ ಹೆಣೆದವರು ಯಾರು? ಅವತ್ತು ನಾನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ಮನೆಯಲ್ಲಿ ದಿನಾ ಬೆಳಿಗ್ಗೆ ಮಗಳಿಗೆ ಜಡೆ ಹಾಕುವವನು ನಾನೇ, ಹಾಗಾಗಿ ಈ ವಿಷಯದಲ್ಲಿ ನನಗೆ ತುಸು ಅಧಿಕಾರ ಇದೆ. ಮನುಷ್ಯರು ಹಾಕುವುದು ಮೂರು ಕಾಲಿನ ಜಡೆ. ಇದರಲ್ಲಿ ಇದ್ದದ್ದು ಎರಡೇ ಎಳೆ. ಒಂದರ ಸುತ್ತ ಒಂದು ಹುರಿ ಹೊಸೆದ ಹಾಗೆ ಸುತ್ತಿಕೊಂಡು, ಕೆಳಗೆ ಒಂದು ಕುಣಿಕೆ ಆಗಿ, ಮತ್ತೆ ಮೇಲಕ್ಕೆ ಹೋಗಿ ಸಿಕ್ಕಾಗಿತ್ತು. ಗಾಳಿ, ಮಳೆ, ಬೇಲಿಗೆ ಕುತ್ತಿಗೆ ಉಜ್ಜುವುದು, ಕೂದಲಿಗೆ ಹತ್ತಿದ ಒಂದೆರಡು ಅಂಟುಕಾಯಿ, ಇಷ್ಟಿದ್ದರೆ ಉದ್ದ ಜೂಲು ಒಂದೇ ರಾತ್ರಿಯಲ್ಲಿ ಹೀಗೆ ಆಗುತ್ತದೆ. ದೂರದಿಂದ ನೋಡಿದರೆ ಥೇಟ್ ಜಡೆ. ಹಗ್ಗ ಹಾವಾಗುವ ಕಥೆ ನಮಗೆ ಹೊಸದೇ?

ಇದು ಹಳೆಯ ಹೆದರಿಕೆ ಕೂಡ. 1590ರ ದಶಕದ ಒಂದು ಇಂಗ್ಲಿಷ್ ನಾಟಕದಲ್ಲೇ ರಾತ್ರಿ ಹೊತ್ತು ಕುದುರೆ ಜೂಲಿಗೆ ಜಡೆ ಹೆಣೆಯುವ ಮಾಯಾರಾಣಿಯ ಮಾತು ಬರುತ್ತದೆ. ಮಾಟಗಾತಿಯರು ರಾತ್ರಿ ಕುದುರೆ ಏರಿ ಸುತ್ತುತ್ತಾರೆ, ಹಿಡಿದುಕೊಳ್ಳಲು ಜೂಲಿಗೆ ಗಂಟು ಹಾಕುತ್ತಾರೆ, ಅದಕ್ಕೇ ಬೆಳಿಗ್ಗೆ ಕುದುರೆ ಬೆವೆತು ಸುಸ್ತಾಗಿರುತ್ತದೆ ಅನ್ನುವ ನಂಬಿಕೆ ಇಲ್ಲಿ ಇತ್ತು. ತಡೆಯಲು ತೂತಿರುವ ಕಲ್ಲನ್ನು ದಾರಕ್ಕೆ ಕಟ್ಟಿ ಲಾಯದಲ್ಲಿ ನೇತು ಹಾಕುತ್ತಿದ್ದರು. ನಮ್ಮಲ್ಲಿ ನಿಂಬೆಹಣ್ಣು ಮೆಣಸಿನಕಾಯಿ, ಅವರಲ್ಲಿ ತೂತುಕಲ್ಲು. ತಮಾಷೆ ಏನೆಂದರೆ 2009ರಲ್ಲಿ ಡಾರ್ಸೆಟ್ ಕೌಂಟಿಯಲ್ಲಿ ಜಡೆಯ ದೂರುಗಳು ಬಂದಾಗಲೂ ಪೊಲೀಸರ ಕಡೆಯಿಂದ ಬಂದ ಒಂದು ವಿವರಣೆ, ಇದು ಕಳ್ಳರ ಗುರುತಲ್ಲ, ಗಂಟು ಹಾಕಿ ಹರಕೆ ಹೊರುವ ಒಂದು ಬಗೆಯ ಮಾಟದ ಪದ್ಧತಿ ಇರಬಹುದು ಎನ್ನುವುದು! ನಾನೂರು ವರ್ಷ ಕಳೆದರೂ ಗಾಳಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಆ ವರ್ಷಗಳಲ್ಲಿ ಕುದುರೆ ಸಂತೆಯಲ್ಲಿ ಏನಾಗುತ್ತಿತ್ತು ಅಂತ ನೋಡಿದರೆ ಇನ್ನೂ ವಿಚಿತ್ರ. 2008ರ ಆರ್ಥಿಕ ಕುಸಿತದ ನಂತರ ಬ್ರಿಟನ್, ಐರ್ಲೆಂಡ್ ಎರಡರಲ್ಲೂ ಸಾಧಾರಣ ಕುದುರೆಗಳ ಬೆಲೆ ನೆಲ ಕಚ್ಚಿತು. ಮೇವು, ಲಾಳ, ಡಾಕ್ಟರ ಖರ್ಚು ಮಾತ್ರ ಇಳಿಯಲಿಲ್ಲ. ಸಾಕಲಾಗದವರು ಕುದುರೆಗಳನ್ನು ರಸ್ತೆ ಬದಿ, ಬೇರೆಯವರ ಹೊಲದಲ್ಲಿ ಬಿಟ್ಟು ಹೋಗತೊಡಗಿದರು. ಬೆಳಿಗ್ಗೆ ಎದ್ದು ನೋಡಿದರೆ ರೈತನ ಗದ್ದೆಯಲ್ಲಿ ಯಾರದ್ದೋ ಆರು ಕುದುರೆ. ಈ ಕಾಟಕ್ಕೆ ವೇಲ್ಸ್ 2014ರಲ್ಲಿ, ಇಂಗ್ಲೆಂಡ್ 2015ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಂದರೆ ಒಂದು ಕಡೆ ಜನ ಕುದುರೆಯನ್ನು ಯಾರಾದರೂ ಕದಿಯುತ್ತಾರೆ ಅಂತ ನಿದ್ದೆಗೆಟ್ಟಿದ್ದಾರೆ, ಇನ್ನೊಂದು ಕಡೆ ಜನ ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲದೆ ಕತ್ತಲಲ್ಲಿ ಬಿಟ್ಟು ಓಡುತ್ತಿದ್ದಾರೆ.

ಹಾಗಂತ ಕಳ್ಳತನವೇ ಸುಳ್ಳು ಅಂತಲ್ಲ. ಕುದುರೆಗಳು ಕಳುವಾಗುತ್ತವೆ. ಆದರೆ ಭಯ ನೋಡುವ ಕಡೆ ಒಂದು, ಕಳ್ಳ ಬರುವ ದಾರಿ ಇನ್ನೊಂದು. ಜಾಸ್ತಿ ಕಳುವಾಗುವುದು ಕುದುರೆಯಲ್ಲ, ಕುದುರೆ ಮೇಲಿನ ಸಾಮಾನು. ಒಳ್ಳೆಯ ಚರ್ಮದ ಜೀನು ಒಂದಕ್ಕೆ ಸಾವಿರ ಪೌಂಡಿನ ಮೇಲೇ ಬೆಲೆ, ಮೇವು ತಿನ್ನಲ್ಲ, ಒದೆಯಲ್ಲ, ಕೆನೆಯಲ್ಲ. ಒಂದು ವ್ಯಾನಿನಲ್ಲಿ ಇಪ್ಪತ್ತು ಜೀನು ತುಂಬಬಹುದು. ಕುದುರೆ ಎಳೆಯುವ ಟ್ರೇಲರ್ ಕೂಡ ಹೀಗೇ ಹೋಗುತ್ತದೆ.

ಜೀವಂತ ಕುದುರೆ ಕೈತಪ್ಪುವ ಇನ್ನೊಂದು ದಾರಿಯಲ್ಲಿ ರಾತ್ರಿಯೂ ಇಲ್ಲ, ಬೇಲಿ ಕತ್ತರಿಸುವುದೂ ಇಲ್ಲ. ಇಲ್ಲಿ ಕುದುರೆಯನ್ನು 'ಲೋನ್' ಕೊಡುವ ಪದ್ಧತಿ ಇದೆ. ನಿಮಗೆ ಮಗು ಆಯಿತು, ಕೆಲಸ ಬದಲಾಯಿತು, ಸವಾರಿಗೆ ಸಮಯ ಇಲ್ಲ ಅಂದುಕೊಳ್ಳಿ. ಮಾರಲು ಮನಸ್ಸಿಲ್ಲ. ಒಂದೆರಡು ವರ್ಷಕ್ಕೆ ನೋಡಿಕೊಳ್ಳಿ ಅಂತ ಯಾರಿಗೋ ಕೊಡುತ್ತೀರಿ. ಅವರು ಮೊದಮೊದಲು ಫೋಟೊ ಕಳಿಸುತ್ತಾರೆ. ಆಮೇಲೆ ಕಮ್ಮಿಯಾಗುತ್ತದೆ. ಒಂದು ದಿನ ಫೋನ್ ನಂಬರೇ ಇರುವುದಿಲ್ಲ. ಕುದುರೆಯನ್ನು ಯಾರಿಗೋ ಮಾರಿ ಆಗಿರುತ್ತದೆ, ಕೊಂಡವನು ಇನ್ನೊಬ್ಬನಿಗೆ ಮಾರಿರುತ್ತಾನೆ. ನಿಮ್ಮ ಕುದುರೆ ಕದ್ದವನಿಗೆ ನೀವೇ ಲಾಯದ ಬಾಗಿಲು ತೆಗೆದು, ಒಂದು ಮೂಟೆ ಕ್ಯಾರೆಟ್ ಕೊಟ್ಟು ಕಳಿಸಿಕೊಟ್ಟಿರುತ್ತೀರಿ. ಪೊಲೀಸರ ಹತ್ತಿರ ಹೋದರೆ ಇದು ನಿಮ್ಮಿಬ್ಬರ ನಡುವಿನ ವ್ಯವಹಾರ, ಸಿವಿಲ್ ಕೋರ್ಟಿಗೆ ಹೋಗಿ ಅನ್ನುವ ಉತ್ತರ ಸಿಗುವುದೂ ಉಂಟು.

ನನಗೆ ಅನಿಸುವುದು ಇಷ್ಟು: ಕುದುರೆ ಕಳ್ಳನಿಗೆ ಕಷ್ಟದ ಕೆಲಸ ಕದಿಯುವುದಲ್ಲ, ಮಾರುವುದು. ಕದ್ದ ಕುದುರೆಯನ್ನು ಕಪಾಟಿನಲ್ಲಿ ಮುಚ್ಚಿಡಲು ಆಗಲ್ಲ. ದಿನಾ ತಿನ್ನುತ್ತದೆ, ಲದ್ದಿ ಹಾಕುತ್ತದೆ, ಹೋಗಿ ಬರುವವರಿಗೆಲ್ಲ ಕಾಣುತ್ತದೆ. ಬೇಗ ಕೈ ಬದಲಾಯಿಸಲೇಬೇಕು. ಹಾಗಾಗಿ ಬೀಗಕ್ಕಿಂತ ಮುಖ್ಯ, ಇದು ಇಂಥವರ ಕುದುರೆ ಅಂತ ಯಾರು ಬೇಕಾದರೂ ಗುರುತು ಹಿಡಿಯುವ ಹಾಗೆ ಇರುವುದು. ಕೊಳ್ಳುವವನು ಹಿಂದೆ ಸರಿದರೆ ಕಳ್ಳನ ವ್ಯಾಪಾರ ಅಲ್ಲಿಗೇ ಮುಗಿಯಿತು.

ಇದನ್ನು ಇಂಗ್ಲೆಂಡಿನವರು ತುಂಬಾ ಹಿಂದೆಯೇ ಕಂಡುಕೊಂಡಿದ್ದರು. ಇಲ್ಲಿನ ಹಳೆಯ ಕಾನೂನಿನಲ್ಲಿ ಒಂದು ದೊಡ್ಡ ತೂತಿತ್ತು. ಹಗಲು ಹೊತ್ತು, ಬಹಿರಂಗ ಸಂತೆಯಲ್ಲಿ, ಕಪಟವಿಲ್ಲದೆ ಕೊಂಡ ಮಾಲು ಕೊಂಡವನದೇ, ಅದು ಕದ್ದ ಮಾಲಾಗಿದ್ದರೂ. ಕುದುರೆ ಕಳ್ಳರಿಗೆ ಇದು ಹಬ್ಬ. ಒಂದು ಜಿಲ್ಲೆಯಲ್ಲಿ ಕದಿ, ಮೂರು ಜಿಲ್ಲೆ ದಾಟು, ಸಂತೆಯಲ್ಲಿ ಮಾರು, ಮುಗಿಯಿತು. ಅದಕ್ಕೆ 1555ರಲ್ಲಿ ಕುದುರೆಗೆ ಅಂತಲೇ ಬೇರೆ ನಿಯಮ ತಂದರು. ಮಾರುವ ಕುದುರೆಯನ್ನು ಬೆಳಿಗ್ಗೆ ಹತ್ತರಿಂದ ಸೂರ್ಯ ಮುಳುಗುವುದರೊಳಗೆ ಒಂದು ಗಂಟೆಯಾದರೂ ಸಂತೆಯ ಗೊತ್ತಾದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಬೇಕು. ಸುಂಕದವನ ಪುಸ್ತಕದಲ್ಲಿ ಕುದುರೆಯ ಬಣ್ಣ, ಗುರುತು, ಕೊಟ್ಟವರು, ಕೊಂಡವರು ಎಲ್ಲ ಬರೆಸಬೇಕು. 1589ರಲ್ಲಿ ಇನ್ನೂ ಬಿಗಿ ಮಾಡಿದರು: ಮಾರುವವನು ಸುಂಕದವನಿಗೆ ಪರಿಚಿತನಾಗಿರಬೇಕು, ಇಲ್ಲವೇ ಇವನು ನನಗೆ ಗೊತ್ತು ಅನ್ನುವ ಒಬ್ಬ ಸಾಕ್ಷಿ ತರಬೇಕು. ನಿಜವಾದ ಯಜಮಾನ ಆರು ತಿಂಗಳೊಳಗೆ ಬಂದರೆ, ಕೊಂಡವನು ಕೊಟ್ಟ ಬೆಲೆ ತೆತ್ತು ಕುದುರೆ ಬಿಡಿಸಿಕೊಳ್ಳಬಹುದು. ನೋಡಿ, ನಾನೂರು ವರ್ಷದ ಹಿಂದಿನ ಈ ಕಾನೂನುಗಳಲ್ಲಿ ಬೇಲಿ, ಬೀಗ, ಕಾವಲುಗಾರ ಅನ್ನುವ ಮಾತೇ ಇಲ್ಲ. ಎಲ್ಲವೂ ಸಂತೆ ಮತ್ತು ಪುಸ್ತಕ. (ಆ ಬಹಿರಂಗ ಸಂತೆಯ ನಿಯಮ ಪೂರ್ತಿ ರದ್ದಾಗಿದ್ದು 1995ರಲ್ಲಿ ಅಂದರೆ ನಂಬುತ್ತೀರಾ? ಲಂಡನ್ನಿನ ಬರ್ಮಾಂಡ್ಸಿ ಸಂತೆ ಅಲ್ಲಿಯವರೆಗೂ ಇದಕ್ಕೇ ಹೆಸರುವಾಸಿ.)

ಶಿಕ್ಷೆಯೂ ಘೋರವಾಗಿತ್ತು. 1832ರವರೆಗೆ ಇಂಗ್ಲೆಂಡಿನಲ್ಲಿ ಕುದುರೆ ಕದ್ದರೆ ಗಲ್ಲು. ಡಿಕ್ ಟರ್ಪಿನ್ ಅನ್ನುವ ದಾರಿದರೋಡೆಕೋರನ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಕುದುರೆ ಏರಿ ಶ್ರೀಮಂತರನ್ನು ದೋಚಿದ ವೀರ ಅಂತ ಕಥೆ ಕಟ್ಟಿದ್ದಾರೆ. ಅವನನ್ನು 1739ರ ಏಪ್ರಿಲ್ 7ರಂದು ಯಾರ್ಕ್ ನಗರದಲ್ಲಿ ನೇಣಿಗೆ ಹಾಕಿದ್ದು ದಾರಿದರೋಡೆಗಲ್ಲ, ಕುದುರೆ ಕದ್ದದ್ದಕ್ಕೆ. ಲಿಂಕನ್‌ಶೈರ್ ಕಡೆಯಿಂದ ಕುದುರೆ ಕದ್ದು ತಂದು ಯಾರ್ಕ್‌ಶೈರಿನಲ್ಲಿ ಜಾನ್ ಪಾಮರ್ ಅನ್ನುವ ಸುಳ್ಳು ಹೆಸರಲ್ಲಿ ಕುದುರೆ ವ್ಯಾಪಾರಿಯಾಗಿ ಬದುಕುತ್ತಿದ್ದ. ಜೈಲಿನಿಂದ ಭಾವನೆಂಟನಿಗೆ ಒಂದು ಕಾಗದ ಬರೆದ. ಆಗ ಅಂಚೆ ಖರ್ಚು ಕೊಡಬೇಕಾದವನು ಕಾಗದ ಪಡೆಯುವವನು, ಭಾವನೆಂಟ ದುಡ್ಡು ಕೊಡಲ್ಲ ಅಂದ. ವಾಪಸಾದ ಕಾಗದದ ಮೇಲಿನ ಅಕ್ಷರ ಅಂಚೆ ಮನೆಯಲ್ಲಿ ಒಬ್ಬರ ಕಣ್ಣಿಗೆ ಬಿತ್ತು. ಅವರು ಟರ್ಪಿನ್ನನಿಗೆ ಚಿಕ್ಕಂದಿನಲ್ಲಿ ಬರೆಯಲು ಕಲಿಸಿದ್ದ ಮೇಷ್ಟ್ರು! ತನ್ನ ಹೆಸರನ್ನೇ ಬದಲಾಯಿಸಿಕೊಂಡವನು ತನ್ನ ಕೈಬರಹದ ಗುರುತಿಗೆ ಸಿಕ್ಕಿಬಿದ್ದ. ಅವನನ್ನು ನೇಣು ಹಾಕಿದ ಬಯಲಿನಲ್ಲಿ ಈಗ ಯಾರ್ಕ್ ಕುದುರೆ ರೇಸ್ ನಡೆಯುತ್ತದೆ.

ಕುದುರೆಗೆ ಗುರುತು ಅಂದರೆ ಏನು? ನಮ್ಮವರಿಗೆ ತಕ್ಷಣ ಹೊಳೆಯುವುದು ಸುಳಿ. ಎತ್ತು ಕೊಳ್ಳಲು ಹೋದ ಅಜ್ಜ ಹಲ್ಲು ನೋಡುವ ಮೊದಲು ಸುಳಿ ನೋಡುತ್ತಿದ್ದರು, ಈ ಸುಳಿ ಮನೆಗೆ ಆಗಿಬರುತ್ತದೆ, ಆ ಸುಳಿ ಯಜಮಾನನನ್ನೇ ತಿನ್ನುತ್ತದೆ ಅಂತ. ಕನ್ನಡದ ಹಳೆಯ ಅಶ್ವಶಾಸ್ತ್ರಗಳಲ್ಲೂ ಸುಳಿಯ ಲೆಕ್ಕಾಚಾರ ಬರುತ್ತದೆ. ಬ್ರಿಟನ್ನಿನ ಕುದುರೆ ಪಾಸ್‌ಪೋರ್ಟ್ ತೆಗೆದು ನೋಡಿದರೆ ನಿಮಗೆ ನಗು ಬರುತ್ತದೆ, ಅದರಲ್ಲೂ ಸುಳಿ! ಹೌದು, ಇಲ್ಲಿ ಕುದುರೆಗಳಿಗೆ ಪಾಸ್‌ಪೋರ್ಟ್ ಇದೆ. ಅದರಲ್ಲಿ ಕುದುರೆಯ ಖಾಲಿ ರೇಖಾಚಿತ್ರ ಇರುತ್ತದೆ. ಡಾಕ್ಟರು ಕುದುರೆ ಪಕ್ಕ ನಿಂತು ಬಿಳಿ ಮಚ್ಚೆಗಳನ್ನು ಕೆಂಪು ಶಾಯಿಯಲ್ಲಿ, ಸುಳಿ ಇರುವ ಕಡೆಯೆಲ್ಲ ಕಪ್ಪು ಶಾಯಿಯಲ್ಲಿ ಕತ್ತರಿ ಗುರುತು ಹಾಕುತ್ತಾರೆ. ಹಣೆ ಮೇಲೆ ಒಂದು, ಕುತ್ತಿಗೆಗೆ ಎರಡು, ಹೀಗೆ. ಒಂದರ ಸುಳಿ ಇದ್ದ ಹಾಗೆ ಇನ್ನೊಂದರದು ಇರುವುದಿಲ್ಲ, ಬಣ್ಣ ಹಚ್ಚಿ ಮುಚ್ಚಲೂ ಆಗಲ್ಲ. ನಮ್ಮಜ್ಜ ಅದೃಷ್ಟ ನೋಡಿದ ಜಾಗದಲ್ಲಿ ಇವರು ಆಧಾರ್ ನೋಡುತ್ತಾರೆ ಅಷ್ಟೇ.

ಇನ್ನೊಂದು ಗುರುತು ತಣ್ಣನೆಯ ಬರೆ. ಬಿಸಿ ಕಬ್ಬಿಣದ ಬದಲು, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದ್ದಿದ ಲೋಹದ ಅಚ್ಚು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಫ್ಯಾರೆಲ್ 1966ರಲ್ಲಿ ರೂಪಿಸಿದ ವಿಧಾನ ಇದು. ಜೀನಿನ ಕೆಳಗೆ ಬರುವ ಜಾಗದಲ್ಲೋ ಭುಜದ ಮೇಲೋ ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, ಹೊಗೆಯಾಡುವ ಅಚ್ಚನ್ನು ಕೆಲವು ಸೆಕೆಂಡು ಒತ್ತಿ ಹಿಡಿಯುತ್ತಾರೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶ ಸಾಯುತ್ತದೆ, ಕೂದಲು ಸಾಯುವುದಿಲ್ಲ. ಕೆಲವು ವಾರದ ಮೇಲೆ ಅಲ್ಲಿ ಬಿಳಿ ಕೂದಲಿನ ಅಂಕಿಗಳು ಮೂಡುತ್ತವೆ. ಬಿಳಿ ಕುದುರೆಗೆ ಇದೇ ಅಚ್ಚನ್ನು ಇನ್ನಷ್ಟು ಹೊತ್ತು ಒತ್ತಿ ಅಂಕಿಯ ಜಾಗ ಬೋಳಾಗುವ ಹಾಗೆ ಮಾಡುತ್ತಾರೆ. ಚೆಂದ ಕೆಡುತ್ತದೆ ಅಂತ ಕೆಲವರು ಬೇಡ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದೇ ಒಳ್ಳೆಯದು, ಕಳ್ಳನಿಗೆ ದೂರದಿಂದಲೇ ಕಾಣುತ್ತದಲ್ಲ. ಅಶ್ವಮೇಧದ ಕುದುರೆ ಹಣೆಗೆ ಇದು ಇಂಥವನ ಕುದುರೆ ಅಂತ ಪಟ್ಟ ಬರೆದು ಕಟ್ಟಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಲವ ಓದಿಯೂ ಕಟ್ಟಿ ಹಾಕಿದ, ಅದು ಬೇರೆ ಮಾತು. ಸಾಮಾನ್ಯ ಕಳ್ಳ ಲವನಷ್ಟು ಧೈರ್ಯವಂತ ಅಲ್ಲ.

ಮೂರನೆಯದು ಚಿಪ್. ಅಕ್ಕಿ ಕಾಳಿನಷ್ಟು ದೊಡ್ಡದು, ಕುತ್ತಿಗೆಯ ಎಡಗಡೆ ಜೂಲಿನ ಕೆಳಗಿನ ಗಟ್ಟಿ ನರಕಟ್ಟಿನೊಳಗೆ ಸೂಜಿಯಲ್ಲಿ ಇಳಿಸುತ್ತಾರೆ. ಸ್ಕ್ಯಾನರ್ ಹಿಡಿದರೆ ಬೀಪ್ ಎಂದು 15 ಅಂಕಿ ತೋರಿಸುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ, ಕುದುರೆ ಎಲ್ಲಿದೆ ಅಂತ ಅದು ಹೇಳುವುದಿಲ್ಲ, ಸಿಕ್ಕ ಕುದುರೆ ಯಾವುದು ಅಂತ ಮಾತ್ರ ಹೇಳುತ್ತದೆ. ಎಷ್ಟೋ ಜನ ಇದನ್ನು ಜಿಪಿಎಸ್ ಅಂದುಕೊಂಡಿರುತ್ತಾರೆ. ಇಂಗ್ಲೆಂಡಿನಲ್ಲಿ 2009ರ ಜುಲೈ ನಂತರ ಹುಟ್ಟಿದ ಮರಿಗಳಿಗೆ ಇದು ಕಡ್ಡಾಯವಾಗಿತ್ತು. 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆ, ಕತ್ತೆ, ಪೋನಿಗಳಿಗೂ ಕಡ್ಡಾಯ. ವೇಲ್ಸ್, ಸ್ಕಾಟ್ಲೆಂಡ್ 2021ರಲ್ಲಿ ಸೇರಿಕೊಂಡವು.

ಇಷ್ಟು ಬೇಗ ಬೇಗ ಕಾನೂನು ಬಿಗಿಯಾಗಲು ಒಂದು ಕಾರಣ ಊಟದ ತಟ್ಟೆ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಸಂಸ್ಥೆ ಸೂಪರ್‌ಮಾರ್ಕೆಟಿನ 27 ಬೀಫ್ ಬರ್ಗರುಗಳನ್ನು ಪರೀಕ್ಷಿಸಿದರೆ 10ರಲ್ಲಿ ಕುದುರೆಯ ಡಿಎನ್‌ಎ ಸಿಕ್ಕಿತು, ಒಂದರಲ್ಲಂತೂ ಮಾಂಸದ 29 ಶೇಕಡಾ ಕುದುರೆಯದೇ. ಯುರೋಪಿಗೆ ಯುರೋಪೇ ಬೆಚ್ಚಿಬಿತ್ತು. ಕುದುರೆಗಳಿಗೆ ನೋವಿಗೆ ಕೊಡುವ 'ಬ್ಯೂಟ್' ಅನ್ನುವ ಔಷಧಿ ಮನುಷ್ಯರ ಹೊಟ್ಟೆ ಸೇರಬಾರದು. ಅದನ್ನು ತಿಂದ ಕುದುರೆಯ ಪಾಸ್‌ಪೋರ್ಟಿನಲ್ಲಿ ಇದು ಮಾಂಸಕ್ಕಲ್ಲ ಅಂತ ಬರೆದಿರಬೇಕು. ಆದರೆ ಪಾಸ್‌ಪೋರ್ಟು ಕಾಗದದ್ದು, ಕೊಡುವ ಸಂಸ್ಥೆಗಳು ಹತ್ತಾರು, ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿಲ್ಲ. ಒಂದೇ ಕುದುರೆಗೆ ಎರಡು ಪಾಸ್‌ಪೋರ್ಟ್ ಮಾಡಿಸುವುದೇನು ಕಷ್ಟ? ಕದ್ದ ಕುದುರೆ ಮಾಂಸವಾಗಿ ಮಾಯವಾಗಲು ಇದೇ ಕಿಂಡಿ. ಎಲ್ಲ ಲೆಕ್ಕವನ್ನೂ ಒಂದು ಕಡೆ ಸೇರಿಸುವ ಕೇಂದ್ರ ಡೇಟಾಬೇಸ್ 2018ರಲ್ಲಿ ಬಂತು. 1555ರ ಸುಂಕದ ಪುಸ್ತಕವೇ, ಈಗ ಕಂಪ್ಯೂಟರಿನಲ್ಲಿ.

ಹೆಸರಿದ್ದರೆ ಸಾಕು, ಕದಿಯಲ್ಲ ಅಂತಲೂ ಹೇಳಲಾಗುವುದಿಲ್ಲ. ಶೇರ್ಗರ್ ಕಥೆ ಇದೆಯಲ್ಲ. 1981ರಲ್ಲಿ ಇಂಗ್ಲೆಂಡಿನ ಡರ್ಬಿ ರೇಸನ್ನು 10 ಕುದುರೆ ಉದ್ದದ ಅಂತರದಲ್ಲಿ ಗೆದ್ದ ಕುದುರೆ, ಆ ಅಂತರದ ದಾಖಲೆ ಇನ್ನೂ ಮುರಿದಿಲ್ಲ. ತಳಿಗೆ ಬಿಟ್ಟಾಗ ಅದನ್ನು 40 ಪಾಲು ಮಾಡಿ ಪಾಲಿಗೆ ಎರಡೂವರೆ ಲಕ್ಷ ಪೌಂಡಿನಂತೆ ಬೆಲೆ ಕಟ್ಟಿದ್ದರು. 1983ರ ಫೆಬ್ರವರಿ 8ರ ರಾತ್ರಿ ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಬ್ಯಾಲಿಮ್ಯಾನಿ ಸ್ಟಡ್ ಫಾರ್ಮಿಗೆ ಮುಸುಕು ಹಾಕಿದ ಬಂದೂಕುಧಾರಿಗಳು ಬಂದು, ಕುದುರೆ ನೋಡಿಕೊಳ್ಳುವವನನ್ನೇ ಬೆದರಿಸಿ ಶೇರ್ಗರನ್ನು ಟ್ರೇಲರಿಗೆ ಹತ್ತಿಸಿಕೊಂಡು ಹೋದರು. ಮರುದಿನ ಹತ್ತಿರದಲ್ಲೇ ದೊಡ್ಡ ಕುದುರೆ ಹರಾಜು, ರಸ್ತೆ ತುಂಬಾ ಕುದುರೆ ಟ್ರೇಲರುಗಳೇ. ಯಾವುದನ್ನು ಅಂತ ತಡೆಯುತ್ತೀರಿ? ಹಣೆಗೆ ಅಗಲ ಬಿಳಿ ಪಟ್ಟೆ, ನಾಲ್ಕೂ ಕಾಲಿಗೆ ಬಿಳಿ ಸಾಕ್ಸು, ಜಗತ್ತಿಗೇ ಗೊತ್ತಿದ್ದ ಮುಖ. ಮಾರಲೂ ಆಗಲ್ಲ, ತಳಿಗೂ ಬಿಡಲು ಆಗಲ್ಲ, ಅವರಿಗೆ ಬೇಕಿದ್ದದ್ದು ಒತ್ತೆ ಹಣ. 20 ಲಕ್ಷ ಪೌಂಡ್ ಕೇಳಿದರು. ಪಾಲುದಾರರು ಕೊಡಲಿಲ್ಲ. ಕುದುರೆ ಇವತ್ತಿಗೂ ಸಿಕ್ಕಿಲ್ಲ. ಐರ್ಲೆಂಡಿನ ಸಶಸ್ತ್ರ ಬಂಡುಕೋರರ ಗುಂಪಾದ ಐಆರ್‌ಎ ಕೆಲಸ ಅನ್ನುವುದು ಎಲ್ಲರ ಅನುಮಾನ.

ಆದರೆ ನಿಮ್ಮ ಪಕ್ಕದ ಹೊಲದ ಹದಿನೆಂಟು ವರ್ಷದ ಕಂದು ಕುದುರೆಗೆ ಯಾರೂ ಒತ್ತೆ ಹಣ ಕೇಳುವುದಿಲ್ಲ. ಅದಕ್ಕೆ ಬೇಕಾದ ಜಾಗ್ರತೆ ಬೇರೆ, ಸಣ್ಣದು. ಗೇಟಿನ ವಿಷಯ ಒಂದು ಹೇಳುತ್ತೇನೆ. ಹೊಲದ ಗೇಟಿಗೆ ಎಲ್ಲರೂ ಚಿಲಕದ ಕಡೆ ದೊಡ್ಡ ಬೀಗ ಹಾಕುತ್ತಾರೆ. ಕಳ್ಳ ಆ ಕಡೆ ನೋಡುವುದೇ ಇಲ್ಲ. ಇನ್ನೊಂದು ತುದಿಗೆ ಹೋಗಿ ಗೇಟನ್ನು ಕೀಲಿನ ಮೊಳೆಯಿಂದ ಮೇಲಕ್ಕೆ ಎತ್ತುತ್ತಾನೆ, ಇಡೀ ಗೇಟು ಕೈಗೆ ಬರುತ್ತದೆ, ಬೀಗ ಬೀಗದ ಪಾಡಿಗೆ ನೇತಾಡುತ್ತಿರುತ್ತದೆ. ಪರಿಹಾರ ಒಂದು ಸ್ಪ್ಯಾನರಿನ ಕೆಲಸ: ಮೇಲಿನ ಕೀಲಿನ ಕೊಕ್ಕೆಯನ್ನು ತಲೆಕೆಳಗು ಮಾಡಿ ಕೂರಿಸುವುದು. ಆಗ ಎತ್ತಲು ಬರುವುದಿಲ್ಲ. ಎರಡೂ ಕಡೆ ಸರಪಳಿ ಹಾಕಿದರೆ ಇನ್ನೂ ವಾಸಿ. ಕುದುರೆ ಮುಖಕ್ಕೆ ಹಾಕುವ ಹಗ್ಗವನ್ನು ಗೇಟಿಗೇ ನೇತು ಹಾಕಿ ಹೋಗುವುದು ಕಾರಿನಲ್ಲೇ ಕೀಲಿ ಬಿಟ್ಟ ಹಾಗೆ. ಇಷ್ಟಾದರೂ ಕುದುರೆ ಒಳಗಿರುವ ಲಾಯದ ಕೋಣೆಗೆ ಮಾತ್ರ ಬೀಗ ಹಾಕಬೇಡಿ, ಹುಲ್ಲಿಗೆ ಬೆಂಕಿ ಬಿದ್ದ ದಿನ ಕೀಲಿ ಹುಡುಕುತ್ತಾ ಕೂರಬೇಕಾಗುತ್ತದೆ. ಫೋಟೊ ತೆಗೆದಿಡಿ, ನಾಲ್ಕೂ ಕಡೆಯಿಂದ, ಬೇಸಿಗೆಯ ನಯವಾದ ಮೈಯಲ್ಲಿ ಒಮ್ಮೆ, ಚಳಿಗಾಲದ ಜೂಲುಮೈಯಲ್ಲಿ ಒಮ್ಮೆ. ಎರಡೂ ಕಾಲದಲ್ಲಿ ಒಂದೇ ಕುದುರೆ ಬೇರೆ ಬೇರೆ ಕುದುರೆಯ ಹಾಗೆ ಕಾಣುತ್ತದೆ.

ಕಳುವಾದ ಮೇಲೂ ಕೆಲಸಕ್ಕೆ ಬರುವುದು ಈ ಫೋಟೊಗಳೇ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1997ರಲ್ಲಿ ಐಡಹೊ ಅನ್ನುವ ಕುದುರೆ ಕಳುವಾಯಿತು. ಫೇಸ್‌ಬುಕ್ ಇಲ್ಲದ ಕಾಲ. ಯಜಮಾನರು ಚಿತ್ರ ಹಾಕಿದ ಕರಪತ್ರ, ಈಮೇಲು ಕಂಡ ಕಂಡವರಿಗೆಲ್ಲ ಕಳಿಸಿದರು. 51 ವಾರದ ಮೇಲೆ ಟೆನೆಸಿಯಲ್ಲಿ ಸಿಕ್ಕಿತು. ಅದೇ ದೇಶದ ಡೆಡಮ್ ಊರಿನಲ್ಲಿ 1810ರಲ್ಲಿ ಕುದುರೆ ಕಳ್ಳರನ್ನು ಹಿಡಿಯಲೆಂದು ಕಟ್ಟಿದ ಸಂಘ ಇನ್ನೂ ಇದೆ. ಈಗ ಅದು ವರ್ಷಕ್ಕೊಮ್ಮೆ ಸೇರಿ ಊಟ ಮಾಡುವ ಸಂಘ.

ಭಯದಿಂದ ಕಾವಲು ಹೆಚ್ಚಾದರೆ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಭಯ ಮೊದಲು ಹುಡುಕುವುದು ಒಬ್ಬ ಅಪರಿಚಿತನನ್ನು. ಇಲ್ಲಿ ಜಡೆಯ ಸುದ್ದಿ ಎದ್ದಾಗಲೆಲ್ಲ ಬೆರಳು ಹೋಗುವುದು ಊರೂರು ಅಲೆಯುವ ಜಿಪ್ಸಿ, ಟ್ರಾವೆಲರ್ ಸಮುದಾಯದವರ ಕಡೆಗೆ, ಅವರು ತಲೆಮಾರುಗಳಿಂದ ಕುದುರೆ ಸಾಕಿಕೊಂಡು ಬಂದವರು ಅನ್ನುವುದೇ ಅವರ ತಪ್ಪು. ಫ್ರಾನ್ಸಿನಲ್ಲಿ 2020ರಲ್ಲಿ ಕಿವಿ ಕತ್ತರಿಸಿದ ಕುದುರೆಗಳ ಸುದ್ದಿ ಹಬ್ಬಿ ಹಳ್ಳಿಯವರು ರಾತ್ರಿ ಗಸ್ತು ತಿರುಗಿದರು. ಆಮೇಲೆ ತನಿಖೆಯಲ್ಲಿ ಬಹುಪಾಲು ಪ್ರಕರಣಗಳು ಸಹಜ ಸಾವು, ಅಪಘಾತ, ಸತ್ತ ಮೇಲೆ ನರಿ ಹದ್ದು ಕಚ್ಚಿದ್ದು ಅಂತಾಯಿತು. ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತಿರಬೇಕು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ಅಮಾಯಕರನ್ನು ಹೊಡೆದು ಕೊಂದದ್ದು ಇಂಥದೇ ಫಾರ್ವರ್ಡ್ ಮೆಸೇಜು ನಂಬಿ.

ಇತ್ತ ನಿಜವಾದ ಕಳವು ಸದ್ದಿಲ್ಲದೆ ನಡೆಯುತ್ತಿರುವುದು ಕುದುರೆಯ ಬಡ ನೆಂಟನ ಮೇಲೆ. ಕತ್ತೆಯ ಚರ್ಮ ಕುದಿಸಿ ತೆಗೆಯುವ ಅಂಟಿನಿಂದ ಚೀನಾದಲ್ಲಿ ಎಜಿಯಾವೊ ಅನ್ನುವ ಔಷಧಿ ಮಾಡುತ್ತಾರೆ. ಅದರ ಬೇಡಿಕೆ ಏರಿದ ಹಾಗೆ ಆಫ್ರಿಕಾದಲ್ಲಿ ಕತ್ತೆ ಕಳ್ಳತನ ಏರಿತು. ಕೀನ್ಯಾದಲ್ಲಿ ನೀರು ಹೊರುವ ಕತ್ತೆಯನ್ನೇ ನಂಬಿದ ಹೆಂಗಸರು ಬೆಳಿಗ್ಗೆ ಎದ್ದರೆ ಪೊದೆಯಲ್ಲಿ ಚರ್ಮ ಸುಲಿದ ಹೆಣ. 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ಖಂಡದಾದ್ಯಂತ ನಿಲ್ಲಿಸಲು ತೀರ್ಮಾನಿಸಿತು. ನಮ್ಮಲ್ಲಿ 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷ ಇದ್ದ ಕತ್ತೆಗಳು 2019ರಲ್ಲಿ 1.2 ಲಕ್ಷಕ್ಕೆ ಇಳಿದವು. ಎಲ್ಲವೂ ಕಳ್ಳತನದಿಂದಲ್ಲ, ಟೆಂಪೊ ಬಂತು, ವಾಷಿಂಗ್ ಮೆಷಿನ್ ಬಂತು. ಆದರೆ ಆಂಧ್ರದಲ್ಲಿ ಕತ್ತೆ ಮಾಂಸದ ಕಳ್ಳ ವ್ಯಾಪಾರ ಇದೆ, ಅಲ್ಲಿಗೆ ಬೇರೆ ರಾಜ್ಯಗಳಿಂದಲೂ ಕತ್ತೆಗಳು ಹೋಗುತ್ತವೆ.

ಬೆಂಗಳೂರಿನ ರೇಸ್ ಕುದುರೆಗೆ ಪುಣೆಯ ಸ್ಟಡ್ ಬುಕ್ ಸಂಸ್ಥೆಯಲ್ಲಿ ಅಪ್ಪ ಅಮ್ಮನ ಹೆಸರು, ಡಿಎನ್‌ಎ, ಚಿಪ್ ಎಲ್ಲ ದಾಖಲಾಗಿರುತ್ತದೆ. ಮದುವೆ ಮೆರವಣಿಗೆಯ ಕುದುರೆಗೆ, ಹೊಳೆ ದಂಡೆಯಲ್ಲಿ ಮುಂಗಾಲು ಕಟ್ಟಿ ಮೇಯಲು ಬಿಟ್ಟ ಕತ್ತೆಗೆ ಏನಿದೆ? ಕಳುವಾದರೆ ಠಾಣೆಯಲ್ಲಿ ಏನಂತ ಬರೆಸುವುದು, ಬೂದು ಬಣ್ಣ, ನಾಲ್ಕು ಕಾಲು ಅಂತಲೇ?

ಲಾಯದ ಕಥೆಗೆ ವಾಪಸು ಬರುತ್ತೇನೆ. ನಾಲ್ಕನೇ ದಿನ ಡಾಕ್ಟರು ಬೇರೆ ಕುದುರೆ ನೋಡಲು ಬಂದಿದ್ದರು. ಜಡೆಯನ್ನು ನೋಡಿ ಅವರು ಸ್ವಲ್ಪ ಎಣ್ಣೆ ಹಚ್ಚಿ ಬೆರಳಲ್ಲೇ ಬಿಡಿಸಿದರು, ಒಳಗಿನಿಂದ ಒಂದು ಅಂಟುಕಾಯಿ ಉದುರಿತು. ಬಂದದ್ದಕ್ಕೆ ಚಿಪ್ ಕೂಡ ನೋಡಿಬಿಡೋಣ ಅಂತ ಸ್ಕ್ಯಾನರ್ ಹಿಡಿದರು. ಬೀಪ್ ಅಂತು, ಅಂಕಿ ಬಂತು. ಪಾಸ್‌ಪೋರ್ಟ್ ಎಲ್ಲಿ ಅಂದರು. ಒಡತಿ ಕಾರಿನಿಂದ ಒಂದು ಹಳೆ ಬಿಸ್ಕತ್ತು ಡಬ್ಬಿ ತಂದರು. ಅಂಕಿ ತಾಳೆಯಾಯಿತು, ಸುಳಿಗಳೂ ತಾಳೆಯಾದವು. ಡಾಕ್ಟರು ಯಜಮಾನರ ಹೆಸರಿರುವ ಪುಟ ತೆಗೆದು, ಆಕೆಯ ಮುಖವನ್ನೊಮ್ಮೆ ಪುಟವನ್ನೊಮ್ಮೆ ನೋಡಿದರು. ಅಲ್ಲಿದ್ದದ್ದು ಆಕೆಗೆ ಕುದುರೆ ಮಾರಿದವನ ಹೆಸರು. ಕೊಂಡು ಒಂಬತ್ತು ವರ್ಷ ಆಗಿದೆ. ಕೊಂಡ 30 ದಿನದೊಳಗೆ ಬದಲಾಯಿಸಬೇಕು ಅನ್ನುವುದು ಕಾನೂನು. ಆಕೆ ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಆಮೇಲೆ ಪೆನ್ ಇದೆಯಾ ಅಂತ ನನ್ನನ್ನು ಕೇಳಿದರು.